ಕೈ ಎತ್ತಿದವರನ್ನು ಬಿಟ್ಟು ಹೋಗುವ ರಸ್ತೆ

ಮನೆ, ಮುಂದಿನ ಕೋಣೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಫೋನಿನಲ್ಲಿ ನಿನ್ನ ಸ್ವರ ಇನ್ನೂ ಕಟ್ಟಿದಂತಿತ್ತು ಎಂದು ನಿನ್ನಮ್ಮ ಹೇಳಿದಳು. ನಾನು ಆ ದಿನ ಫೋನಿಗೆ ಬರಲಿಲ್ಲ, ಸಿಟ್ಟಿನಲ್ಲಿದ್ದೆ. ಈಗಲೂ ಇದ್ದೇನೆ. ಕಾಗದದಲ್ಲಾದರೆ ಸಿಟ್ಟು ಸ್ವಲ್ಪ ಮರ್ಯಾದೆಯಿಂದ ಇರುತ್ತದೆ.

ನನ್ನ ಮಂಡಿಯ ಆಪರೇಷನ್ ಆದಮೇಲೆ ನೀನು ಕಳಿಸಿದ, ನಿಂತಲ್ಲೇ ತುಳಿಯುವ ಸೈಕಲ್ಲೂ ಕಣ್ಣಿಗೆ ಕಟ್ಟುವ ವಿಆರ್ ಕನ್ನಡಕವೂ ಈ ಕೋಣೆಯಲ್ಲೇ ಇವೆ. ಬರಿ ಗೋಡೆ ನೋಡುತ್ತ ತುಳಿಯಲು ಅಪ್ಪನಿಗೆ ಬೇಸರ, ಆಟವಾದರೆ ಹುಮ್ಮಸ್ಸು ಬರುತ್ತದೆ ಎಂದು ನೀನೇ ಹೇಳಿದ್ದೆ. ಬಂತು, ಇಲ್ಲವೆನ್ನಲಾರೆ. ಕನ್ನಡಕ ಹಾಕಿದ ಕೂಡಲೇ ಗೋಡೆ ಮಾಯವಾಗಿ ಸಮುದ್ರದ ಪಕ್ಕದ ರಸ್ತೆ. ಅಷ್ಟು ನುಣುಪಾದ ಡಾಂಬರು ನನ್ನ ಇಡೀ ಸರ್ವಿಸ್ಸಿನಲ್ಲಿ ಸಿಕ್ಕಿರಲಿಲ್ಲ. ಆದರೆ ರಸ್ತೆಯ ಅಂಚಿನಲ್ಲಿ ಜನ ನಿಂತು ಕೈ ಎತ್ತುತ್ತಿದ್ದರು. ನಿಲ್ಲಿಸಿದೆ. ಜೀವಮಾನವಿಡೀ ಬಸ್ಸು ಓಡಿಸಿದವನು ಇನ್ನೇನು ಮಾಡಬೇಕಿತ್ತು? ಯಾರೂ ಹತ್ತಲಿಲ್ಲ, ಹಲ್ಲು ಬಿಟ್ಟುಕೊಂಡು ಕೈಬೀಸುತ್ತಲೇ ಇದ್ದರು. ಅಷ್ಟರಲ್ಲಿ ಕಿವಿಯೊಳಗೆ ಒಂದು ಹೆಣ್ಣುದನಿ, "ಸೋಮಾರಿತನ ಬೇಡ, ಮುಂದೆ ಸಾಗಿ" ಎಂದಿತು. ನನಗೆ. ಒಂದು ದಿನವೂ ಡಿಪೋಗೆ ತಡವಾಗಿ ಹೋಗದವನಿಗೆ.

ಅವರು ಹುರಿದುಂಬಿಸಲು ಕೈಬೀಸುತ್ತಾರಂತೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹೇಳಿದಳು, "ಅಂಕಲ್, ಅವ್ರ್ಯಾರೂ ನಿಜವಾದವ್ರಲ್ಲ, ನೀವು ಹೋಗ್ತಾ ಇರಿ." ನಿಜವಲ್ಲ ಎಂದು ನನಗೂ ಗೊತ್ತು, ನನ್ನ ತಲೆ ಸರಿಯಾಗಿಯೇ ಇದೆ. ಗೊತ್ತಿದ್ದೂ ಕಾಲು ನಿಲ್ಲುತ್ತದೆ. "ರಿಟೈರಾದ್ರೂ ಸ್ಟಾಪ್ ತಪ್ಪಿಸಲ್ಲ ಮಹಾರಾಯ್ರು" ಎಂದು ನಿನ್ನಮ್ಮ ಬಾಗಿಲಲ್ಲಿ ನಿಂತು ನಗುತ್ತಾಳೆ. ನಗಲಿ. ಆದರೆ ಆ ಯಂತ್ರ ನಿನಗೂ ಡಾಕ್ಟರಿಗೂ ವರದಿ ಕಳಿಸಿದೆಯಂತಲ್ಲ: ರೋಗಿಗೆ ಉತ್ಸಾಹವಿಲ್ಲ, ಪದೇ ಪದೇ ನಿಲ್ಲಿಸುತ್ತಾರೆ. ಅದನ್ನು ನಂಬಿ ನೀನು ತಿಂಗಳ ಕೊನೆಗೆ ನನ್ನನ್ನು ಪುನಶ್ಚೇತನ ಕೇಂದ್ರಕ್ಕೆ ಸೇರಿಸಲು ಹೊರಟಿದ್ದೀಯ. ಯಂತ್ರವನ್ನು ಕೇಳಿದೆ, ನನ್ನನ್ನೊಂದು ಮಾತು ಕೇಳಲಿಲ್ಲ. ಕೈ ಎತ್ತಿದವರನ್ನು ನೋಡಿಯೂ ನೋಡದಂತೆ ಹೋಗುವುದೇ ಉತ್ಸಾಹವಾದರೆ, ಅದು ನನ್ನಲ್ಲಿಲ್ಲ. ಹಾಗೆಂದೇ ಬರೆದುಕೊಳ್ಳಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿನೀರು ಕುಡಿ. ಸಿಟ್ಟಿದ್ದರೂ ಆಶೀರ್ವಾದದಲ್ಲಿ ಕಡಿತ ಮಾಡಿಲ್ಲ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ನಿನ್ನೆ ನಿನ್ನಮ್ಮನ ಹೆಗಲು ಹಿಡಿದು ಬೀದಿಯ ತಿರುವಿನ ಸ್ಟಾಪಿನವರೆಗೆ ಹೊರಟೆ. ನಾವು ತಲುಪುವ ಮೊದಲೇ ಬಸ್ಸು ಹೊರಟಿತು. ಕೈ ಎತ್ತಿದೆ. ಡ್ರೈವರ್ ಯಾರೋ ಹೊಸಬ, ನನ್ನ ಗುರುತಿಲ್ಲ. ಕನ್ನಡಿಯಲ್ಲಿ ಕಂಡನೇನೋ, ಬ್ರೇಕ್ ಹಾಕಿ ಕಾದ. ಇಡೀ ಬಸ್ಸು ನನಗಾಗಿ ಕಾಯುತ್ತಿದೆ ಎಂದ ಮೇಲೆ ಹೆಗಲು ಬಿಟ್ಟು ಬೇಗ ಬೇಗ ಹೆಜ್ಜೆ ಹಾಕಿದೆ, ಮಂಡಿ ಮಡಿಸಿ ಮೆಟ್ಟಿಲು ಹತ್ತಿದೆ. ನಿನ್ನಮ್ಮನನ್ನೇ ಕೇಳು. "ಎಲ್ಲಿಗೆ, ಯಜಮಾನ್ರೇ?" ಎಂದ. ಅಷ್ಟು ಯೋಚಿಸಿರಲಿಲ್ಲ. ನಾಳೆಯೂ ಹೋಗುತ್ತೇನೆ. ಆ ಕೇಂದ್ರದವರಿಗೆ ಒಪ್ಪಿಗೆ ಕೊಡಬೇಡ, ಪುಟ್ಟಿ.