ಮುಂಬಾಗಿಲಿಗೆ ಒರಗಿದ ದೋಣಿ

ಡನ್ಸ್ ಕೊಲ್ಲಿ, ನ್ಯೂಫೌಂಡ್‌ಲ್ಯಾಂಡ್
೧೪ ಆಗಸ್ಟ್ ೧೯೬೭

ಮುದ್ದು ರೋಡಾ,

ನಾವೂ ಕ್ಷೇಮ, ಮನೆಯೂ ಕ್ಷೇಮ. ನಾನೀಗ ಬರೆಯುವ ಕಥೆಯನ್ನು ಮೊದಲು ಹೇಳಿದವಳು ನಿನ್ನ ಅಜ್ಜಿ. ಶುಕ್ರವಾರ ನಮ್ಮ ಮನೆ ಕಡಲು ದಾಟಿ ಈ ದಡ ಹತ್ತಿತಲ್ಲ, ಅಂದೇ ಸಂಜೆ ಒಲೆಯ ಪಕ್ಕ ಕೂತು ಹೇಳಿದಳು. ದಣಿದಿದ್ದ ಊರವರೆಲ್ಲ ಉಪ್ಪುಮೀನು, ಆಲೂಗಡ್ಡೆ ತಿನ್ನುತ್ತ ಕೇಳಿದರು.

ಹೆರಿಂಗ್ ದ್ವೀಪ ಬಿಡಲು ಅವಳಿಗೆ ಮನಸ್ಸಿರಲಿಲ್ಲ, ನಿನಗೇ ಗೊತ್ತು. ಕಾಡ್ ಮೀನಿನ ಬೆನ್ನು ಹತ್ತಿ ಬಂದ ಹಿರಿಯರು ಆ ಬರಿ ಬಂಡೆಯ ಮೇಲೆ ಊರು ಕಟ್ಟಿ ಇನ್ನೂರು ವರ್ಷ. ರಸ್ತೆ, ಶಾಲೆ, ಡಾಕ್ಟರು ಇರುವ ಕಡೆ ಹೋಗಿ ಎಂದು ಸರ್ಕಾರ ಹೇಳಿದಾಗ, ಒಪ್ಪಿಗೆ ಪತ್ರಕ್ಕೆ ಬಾಕಿಯಿದ್ದ ಇವಳೊಬ್ಬಳ ಸಹಿಗಾಗಿ ಊರೇ ಒಂದು ಚಳಿಗಾಲ ಕಾಯಿತು. ಆ ಸಿಟ್ಟಿಗೆ ಪಕ್ಕದ ಮನೆಯ ಅಜರಾಯ ಮಾವ ನಮ್ಮೊಡನೆ ಮಾತೇ ಬಿಟ್ಟಿದ್ದ. ಕೊನೆಗೆ ಸಹಿ ಹಾಕಿದಳು. ಆದರೆ "ನಾನು ನನ್ನ ಮನೇಲೇ ಕೂತು ಬರ್ತೀನಿ" ಎಂದು ಹಟ ಹಿಡಿದಳು.

ಭರತ ಏರಿದಾಗ ನಮ್ಮ ಮರದ ಮನೆಯ ಸುತ್ತ ತೇಲಲೆಂದು ಖಾಲಿ ಪೀಪಾಯಿ ಕಟ್ಟಿ, ಅಜ್ಜಿ ಒಳಗಿರುವಂತೆಯೇ ನೀರಿಗಿಳಿಸಿ, ದೋಣಿಗಳಿಂದ ಎಳೆದೆವು. ಅಡುಗೆಮನೆ ಬಾಗಿಲಿನ ಸಂದಿಗೆಲ್ಲ ನಿನ್ನ ಅಪ್ಪ ನಾರು ತುರುಕಿ ಟಾರು ಬಳಿದಿದ್ದರು. ಮುಂಬಾಗಿಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಹೆಣ ಹೊರಡುವಾಗ ಬಿಟ್ಟರೆ ಅದನ್ನು ನಮ್ಮಲ್ಲಿ ತೆಗೆಯುವವರು ಯಾರು? ನಮ್ಮ ಪಾಲಿಗೆ ಅದೂ ಒಂದು ಗೋಡೆ!

ನಡುಕೊಲ್ಲಿಯಲ್ಲಿ ಗಾಳಿ ಎದ್ದಿತು. ಮುಂಬಾಗಿಲಿನಿಂದ ನೀರು ನುಗ್ಗಿತು. ಅಜ್ಜಿ ಚಾಪೆ, ಹೊದಿಕೆ, ಕೊನೆಗೆ ಬ್ರೆಡ್ಡಿಗೆ ನಾದಿಟ್ಟ ಹಿಟ್ಟನ್ನೂ ಸಂದಿಗೆ ತುರುಕಿದಳಂತೆ. ಮನೆ ವಾಲತೊಡಗಿತು. ಎಳೆಯುತ್ತಿದ್ದ ನಾವು ಹಗ್ಗ ಬಿಡುವಂತಿರಲಿಲ್ಲ. ಹಿಂದೆ ಅಜರಾಯ ಮಾವನೂ ಅವನ ತಮ್ಮನೂ ಎರಡು ದೋಣಿಗಳಲ್ಲಿ ತಮ್ಮ ಪುಟ್ಟ ಮನೆಯನ್ನು ಎಳೆದು ತರುತ್ತಿದ್ದರು. ನೋಡುತ್ತಿದ್ದಂತೆ ಮಾವನ ದೋಣಿ ನಮ್ಮ ಮನೆಯತ್ತ ಧಾವಿಸಿತು.

"ಏನ್ ದೊಡ್ಡಮ್ಮ, ಮುಳುಗೋದಕ್ಕೂ ಸಹಿ ಹಾಕಿಬಿಟ್ಯಾ?"

"ಹಲ್ಲು ಆಮೇಲೆ ಕಿರಿಯೋ! ಮೊದಲು ಬಾಗಿಲು ನೋಡು!"

ಮಾವ ತನ್ನ ಹಾಯಿಬಟ್ಟೆಯನ್ನು ಬಾಗಿಲಿಗೆ ಹೊದಿಸಿ, ದೋಣಿಯನ್ನು ಅಡ್ಡಲಾಗಿ ಅದಕ್ಕೆ ಒತ್ತಿ, ಪೀಪಾಯಿಯ ಹಗ್ಗಕ್ಕೆ ಬಿಗಿದ. ದಡ ಮುಟ್ಟುವವರೆಗೂ ಹಾಗೇ ಒರಗಿಸಿಕೊಂಡು ಬಂದ. ಅಷ್ಟರಲ್ಲಿ ಅವನ ಮನೆ ಬಂಡೆಗೆ ಬಡಿದು ಚೂರಾಗಿತ್ತು. "ಹಗ್ಗ ಹರೀತು" ಎಂದಷ್ಟೇ ಹೇಳಿದ. ನಾವೂ ನಂಬಿದೆವು.

ಆದರೆ ಅಜ್ಜಿ ಮಹಡಿ ಕಿಟಕಿಯಿಂದ ಎಲ್ಲ ಕಂಡಿದ್ದಳು. ಹಗ್ಗ ಹರಿದಿರಲಿಲ್ಲ, ಮಾವನೇ ಕಡಿದಿದ್ದ. ಉಳಿದ ತಮ್ಮನ ಒಂದೇ ದೋಣಿಗೆ ಅವನ ಮನೆ ಜಗ್ಗಲಿಲ್ಲ. "ನಿನ್ನ ಮನೆ ಬಂಡೆ ಕಡೆ ಹೋಗ್ತಿದೆ ಕಣೋ, ಓಡು!" ಎಂದು ಇವಳು ಕೂಗಿದಳಂತೆ.

"ಅದರೊಳಗೆ ಯಾರೂ ಇಲ್ಲ ಬಿಡು, ದೊಡ್ಡಮ್ಮ" ಎಂದನಂತೆ.

ಅಜ್ಜಿ ಇದನ್ನು ಹೇಳುವಾಗ ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಈ ಋಣ ಹೇಗೆ ತೀರಿಸುವುದೋ ನನಗೆ ತಿಳಿಯದು ಮಗಳೇ. ನೀನೂ ಅವನಿಗೆ ನಾಲ್ಕು ಸಾಲು ಬರೆ.

ನಿನ್ನ ಪ್ರೀತಿಯ
ಅಮ್ಮ, ಡಾರ್ಕಸ್

ತಾ.ಕ.: ನಿನ್ನನ್ನು ಕೇಳದೆ ನಿನ್ನ ಕೋಣೆಯನ್ನು ಮಾವನಿಗೂ ಅತ್ತೆಗೂ ಕೊಟ್ಟಿದ್ದೇನೆ, ಬೇಸರಿಸಬೇಡ. ಬಹಳ ದಿನ ಬೇಕಾಗಲಾರದು. ಶನಿವಾರ ಬೆಳಗ್ಗೆ ನಾನು ಏಳುವಷ್ಟರಲ್ಲಿ, ಕಥೆ ಕೇಳಿದವರೆಲ್ಲ ಯಾರೂ ಕರೆಯದೆ ದೋಣಿ ಇಳಿಸಿಕೊಂಡು ಹೋಗಿ, ಬಂಡೆಗಳ ನಡುವೆ ಮಾವನ ಮನೆಯ ಹಲಗೆಗಳನ್ನು ಹೆಕ್ಕುತ್ತಿದ್ದರು.