ಕೊತ್ತತ್ತಿ ಗಡಿಯಾರದ ಕೂದಲು

ಮಂಡ್ಯ, ಪೇಟೆ ಬೀದಿ
೧೪ ಮಾರ್ಚ್ ೧೯೪೪

ಶ್ರೀಮದ್ ಬ್ಲಫ್ ಮಹಾಸಂಸ್ಥಾನಾಧೀಶ್ವರಿ, ಕರೆಂಟು ಹುಟ್ಟುವ ಊರಿನಲ್ಲಿ ಗುಂಡಿ ಒತ್ತಿದರೆ ಬೆಳಗುವ ಸಮಸ್ತ ದೀಪಗಳ ಒಡತಿ, ಐದನೆಯ ಕ್ಲಾಸಿನಲ್ಲಿ ನನ್ನ ಸರಿ ಲೆಕ್ಕ ನೋಡಿ ಬರೆದೂ ತಪ್ಪು ಉತ್ತರ ತಂದ ಅಸಾಧಾರಣ ಪ್ರತಿಭಾಶಾಲಿನಿ, ಸೌಭಾಗ್ಯವತಿ ಜಯಲಕ್ಷ್ಮಮ್ಮನವರ ಪಾದಾರವಿಂದಗಳಿಗೆ ಮೆಹರುನ್ನೀಸಾ ಎಂಬ ಪಾಮರಳು ದೂರದಿಂದಲೇ ನಮಸ್ಕರಿಸಿ (ಹತ್ತಿರ ಬಂದರೆ ನೀನು ಜಡೆ ಎಳೆಯುತ್ತೀಯ) ಬಿನ್ನವಿಸಿಕೊಳ್ಳುವುದೇನೆಂದರೆ:

ನನಗೆ ಮದುವೆ ಗೊತ್ತಾಗಿದೆ ಕಣೇ. ವರ ಮಳವಳ್ಳಿಯ ಗಫಾರ್. ಅವರದೂ ಗಡಿಯಾರ ರಿಪೇರಿಯ ಮನೆಯೇ. ಇದು ಗೊತ್ತಾದ ಚರಿತ್ರೆಯನ್ನು ಮುಂದಿನ ಪೀಳಿಗೆಯ ಉಪಯೋಗಕ್ಕೆ ದಾಖಲಿಸುವುದು ನನ್ನ ಕರ್ತವ್ಯ. ನೆಟ್ಟಗೆ ಕೂತು ಓದು.

ನಮ್ಮ ಅಂಗಡಿಯ ಗುಟ್ಟು ಹೊರಗಿನವರಲ್ಲಿ ನಿನಗೊಬ್ಬಳಿಗೇ ಗೊತ್ತು. ಅಬ್ಬಾನ ಕಣ್ಣಿಗೆ ಪೊರೆ ಬಂದಾಗಿನಿಂದ, ಮುಂದೆ ಕೂತು ಗಡಿಯಾರ ತೆಗೆದುಕೊಳ್ಳುವುದು, ಕಿವಿಗೆ ಹಿಡಿದು ಗಂಭೀರವಾಗಿ ತಲೆಯಾಡಿಸುವುದು ಅವರ ಕೆಲಸ. ಪರದೆಯ ಹಿಂದೆ, ಕಿಟಕಿಯಡಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚಿ ಜೋಡಿಸುವುದು ನನ್ನ ಕೆಲಸ. ಉಸಿರು ಬಿಗಿಹಿಡಿದು, ಚಿಮಟದ ತುದಿಯಲ್ಲಿ ಬ್ಯಾಲೆನ್ಸ್ ಚಕ್ರವನ್ನು ಅದರ ಕುಳಿಗೆ ಇಳಿಸುತ್ತೇನೆ. ಅಲ್ಲಿಯವರೆಗೆ ಸತ್ತಂತಿದ್ದದ್ದು ತಾನಾಗಿಯೇ ಅತ್ತಿತ್ತ ಓಲಾಡತೊಡಗುತ್ತದಲ್ಲ, ಆ ಗಳಿಗೆಗೆ ನಿನ್ನ ಬ್ಲಫ್‌ನ ದೀಪಗಳೆಲ್ಲ ಸೇರಿದರೂ ಸಮವಿಲ್ಲ.

ಗಫಾರರ ತಾಯಿ ಬೀಬಿ ಜಾನ್ ನನ್ನನ್ನು ನೋಡಲು ಬಂದಾಗ ರೊಟ್ಟಿ, ಹೊಲಿಗೆ, ಓದು ಎಲ್ಲದರ ವಿಚಾರಣೆಯಾಯಿತು. ಗಡಿಯಾರದ ಮಾತು ಯಾರೂ ಎತ್ತಲಿಲ್ಲ. ಎತ್ತಿದರೆ ಸಂಬಂಧ ತಪ್ಪೀತೆಂದು ಅಮ್ಮ, ಗಿರಾಕಿಗಳು ತಪ್ಪಿಯಾರೆಂದು ಅಬ್ಬಾ. ನಾನು ಮಾತ್ರ ಅಬ್ಬಾನಿಗೆ ಹೇಳಿಬಿಟ್ಟೆ: ಮದುವೆಯಾಗಿ ಭೂತಗನ್ನಡಿ ಇಲ್ಲೇ ಬಿಟ್ಟು ಹೋಗಬೇಕೆಂದರೆ ನಾನು ಹೋಗುವುದಿಲ್ಲ. ಅವರು ಗಡ್ಡ ಕೆರೆದುಕೊಂಡರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನಿಜ ಹೇಳುತ್ತೇನೆ.

ಆದ್ದರಿಂದ ಲೋಕಕಲ್ಯಾಣಾರ್ಥವಾಗಿ ವರನಿಗೆ ಒಂದು ಪರೀಕ್ಷೆ ಏರ್ಪಡಿಸಿದೆ.

ಕೊತ್ತತ್ತಿಯ ಚಿಕ್ಕಮಾದಯ್ಯನವರ ಜೇಬುಗಡಿಯಾರ ನಮ್ಮಲ್ಲಿ ರಿಪೇರಿಗಿತ್ತು. ಅವರ ಊರಲ್ಲಿ ನಾಲೆ ನೀರಿನ ಸರದಿ ಬದಲಾಗುವುದು ಆ ಗಡಿಯಾರ ನೋಡಿ. ನಾನು ಅದರ ಸ್ಪ್ರಿಂಗಿನ ಸುರುಳಿಗಳ ನಡುವೆ ನನ್ನದೇ ಒಂದು ಕೂದಲ ತುಂಡನ್ನು ಮಲಗಿಸಿದೆ. ಕಪ್ಪು ಸ್ಪ್ರಿಂಗು, ಕಪ್ಪು ಕೂದಲು, ನೋಡಿದರೆ ಕಾಣದು. ನಿಲ್ಲಿಸಿಟ್ಟರೆ ಗಡಿಯಾರ ಓಡುತ್ತದೆ, ಮಲಗಿಸಿದರೆ ನಿಂತುಬಿಡುತ್ತದೆ. ನಮ್ಮಿಂದ ಆಗುತ್ತಿಲ್ಲ, ನೀವೊಮ್ಮೆ ನೋಡಿ ಎಂದು ಅಬ್ಬಾನ ಚೀಟಿ ಜೊತೆಗಿಟ್ಟು, ಇದ್ದಿಲಿಂದ ಓಡುವ ಬಸ್ಸಿನ ಕಂಡಕ್ಟರ್ ನಿಂಗಯ್ಯನವರ ಕೈಲಿ ಮಳವಳ್ಳಿಗೆ ರವಾನಿಸಿದೆವು.

ಇತ್ತ ಚಿಕ್ಕಮಾದಯ್ಯನವರು ದಿನಾ ಬಂದು ಜಗುಲಿ ಹಿಡಿದರು. ಗಡಿಯಾರವಿಲ್ಲದೆ ಅವರೂರಲ್ಲಿ ಸೂರ್ಯನನ್ನು ನೋಡಿ ನೀರು ತಿರುಗಿಸುತ್ತಿದ್ದರಂತೆ, ಒಬ್ಬೊಬ್ಬರಿಗೆ ಒಂದೊಂದು ಸೂರ್ಯನಂತೆ, ಗುದ್ದಲಿ ಮೇಲಕ್ಕೆ ಎತ್ತಿಯೂ ಆಗಿತ್ತಂತೆ. "ವಾಬಣ್ಣ, ನಾಳಿಕ್ ಕೊಡ್ದಿದ್ರೆ ಇಡೀ ಊರ್ನೇ ಕರ್ಕಂಡ್ ಬತ್ತೀನಿ," ಎಂದು ಅಬ್ಬಾನಿಗೆ ಹೇಳಿ ಎದ್ದುಹೋದರು.

ಮಾರನೆಯ ಬೆಳಿಗ್ಗೆ ಅವರು ಬಂದು ಕೂರುವುದಕ್ಕೂ ಗಫಾರರು ತಾವೇ ಬಸ್ಸಿಳಿದು ಬರುವುದಕ್ಕೂ ಸರಿಹೋಯಿತು. ಮುಖವೆಲ್ಲ ಇದ್ದಿಲ ಮಸಿ. ನಾನು ಪರದೆಯ ತೂತಿಗೆ ಕಣ್ಣಿಟ್ಟೆ. (ಆ ತೂತು ಮೊದಲೇ ಇತ್ತು. ಸ್ವಲ್ಪ ಇತ್ತು.)

ಅವರು ಗಡಿಯಾರವನ್ನು ಮಲಗಿಸಿ ಅಬ್ಬಾನ ಮುಂದಿಟ್ಟರು. ಓಡುತ್ತಿತ್ತು. ಆಮೇಲೆ ಮಡಿಸಿದ ಕಾಗದವೊಂದನ್ನು ಬಿಚ್ಚಿದರು, ಒಳಗೆ ಕೂದಲು. ಅದನ್ನು ಬೆಳಕಿಗೆ ಹಿಡಿದು, ಅಬ್ಬಾನ ಮದರಂಗಿ ಹಚ್ಚಿದ ಕೆಂಪು ಗಡ್ಡವನ್ನು ನೋಡಿದರು, ಚಿಕ್ಕಮಾದಯ್ಯನವರ ತಲೆಯನ್ನೂ ನೋಡಿದರು. ಚಿಕ್ಕಮಾದಯ್ಯನವರು ತಮ್ಮ ಬೋಳುತಲೆ ಸವರಿಕೊಂಡರು. "ನಂದಂತೂ ಅಲ್ಲ ಕಣಪ್ಪ."

ಅಬ್ಬಾ ಬೆವರಿದರು. ಗಫಾರರು ಕೂದಲನ್ನು ಮತ್ತೆ ಕಾಗದದಲ್ಲಿ ಮಡಿಸಿಟ್ಟರು. ಜೇಬಿನಿಂದ ತಮ್ಮದೇ ಗಡಿಯಾರ ತೆಗೆದು, ಎದ್ದು ಬಂದು, ಪರದೆಯ ಕೆಳಗಿನಿಂದ ಮೆಲ್ಲಗೆ ಒಳಗೆ ಸರಿಸಿದರು.

"ಇದ್ರ ಸ್ಪ್ರಿಂಗು ನನ್ ಕೈಗೆ ಬಗ್ತಾ ಇಲ್ಲ ಚಾಚಾ. ಒಳಗಿರೋ ಉಸ್ತಾದ್ರು ನೋಡ್ಲಿ."

ಜಯಾ, ಗಿರಾಕಿಯ ಎದುರೇ ಗುಟ್ಟು ಬಿಚ್ಚಿಹೋಗಿತ್ತು. ಅದನ್ನು ಹಗುರ ಮಾಡಿದವರು ಚಿಕ್ಕಮಾದಯ್ಯನವರೇ: "ಮಗಳೇ ಮಾಡ್ಲಿ ಬುಡು ವಾಬಣ್ಣ. ನನ್ ನೀರು ತಪ್ದಂಗೆ ಓಡುದ್ರೆ ಸಾಕು." ಅಷ್ಟು ಹೇಳಿ ತಮ್ಮ ಗಡಿಯಾರ ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿನ ದಾರಿ ಹಿಡಿದರು.

ನಾನು ಸುರುಳಿ ತಿದ್ದತೊಡಗಿದೆ. ಯಾವಾಗಲೋ ಕೆಳಗೆ ಬಿದ್ದದ್ದು, ಹೊರಸುತ್ತು ಕೊಂಚ ಸೊಟ್ಟಗಾಗಿತ್ತು. ಸರಿಮಾಡಿ ಕೊಟ್ಟೆ. ಗಫಾರರು ಅದನ್ನು ಕಿವಿಗೆ ಹಿಡಿದು ಕೇಳಿದರು. ಕೊನೆಗೆ ಅಬ್ಬಾನಿಗೆ ಹೇಳಿದ್ದು ಇಷ್ಟೇ:

"ನಮ್ಮನೆ ಕಿಟಕಿ ಮೂಡ್ಲಿಗದೆ ಚಾಚಾ. ಬೆಳಕು ಇಬ್ರಿಗಾಯ್ತದೆ."

ಅಬ್ಬಾ ಒಳಗೆ ಬಂದು ನನ್ನ ತಲೆ ಮೇಲೆ ಕೈಯಿಟ್ಟು ಹೊರಗೆ ಹೋದರು. ಅಮ್ಮ ರೇಷನ್ ಕಾರ್ಡಿನ ಸಕ್ಕರೆಯನ್ನೆಲ್ಲ ಪಾಯಸಕ್ಕೆ ಸುರಿದರು.

ಪಾಯಸ ಯಾರಿಗೆ ಎನ್ನುತ್ತೀಯಾ? ಗಫಾರರಿಗೇ. ಅವರ ಗಡಿಯಾರವನ್ನು ಹಿಂದಿರುಗಿಸುವಾಗ ನಾನು ಅದನ್ನು ಅರ್ಧ ಗಂಟೆ ಹಿಂದಕ್ಕಿಟ್ಟಿದ್ದೆ. ನಮ್ಮ ಅಂಗಡಿಯ ಗೋಡೆಗಡಿಯಾರಗಳು ರಿಪೇರಿಗೆ ಬಂದಂಥವು, ಯಾವುದೂ ಇನ್ನೊಂದರ ಮಾತು ಒಪ್ಪುವುದಿಲ್ಲ. ಬಡಪಾಯಿ ತನ್ನದನ್ನೇ ನಂಬಿ, ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡು, ಊಟಕ್ಕೆ ಉಳಿಯಬೇಕಾಯಿತು.

ಮುಂದಿನ ತಿಂಗಳು ಮದುವೆ. ನೀನು ಮೂರು ದಿನ ಮೊದಲೇ ಬಂದು ನನ್ನ ಕೈಗೆ ಮದರಂಗಿ ಹಚ್ಚತಕ್ಕದ್ದು. ತಪ್ಪಿದಲ್ಲಿ ಬ್ಲಫ್ ಸಂಸ್ಥಾನದ ಮೇಲೆ ಯುದ್ಧ ಸಾರಲಾಗುವುದು. ಪರೀಕ್ಷಾ ಮಂಡಳಿಯ ಅಧ್ಯಕ್ಷಳೂ ಕಾರ್ಯದರ್ಶಿಯೂ ಆದ ನನ್ನ ಜಾಣತನವನ್ನು ನಿಮ್ಮೆಜಮಾನರಿಗೂ ತಪ್ಪದೆ ಓದಿ ಹೇಳು.

ನಿನ್ನ,
ಮೆಹರು

ಮರೆತ ಮಾತು: ಪರೀಕ್ಷೆ ಗಿರೀಕ್ಷೆ ಏನೂ ಇರಲಿಲ್ಲ ಕಣೇ. ಸೆಕೆಗೆ ತಲೆಯ ಮೇಲಿನ ಸೆರಗು ಸರಿಸಿ ಕೂತಿದ್ದಾಗ ಆ ಕೂದಲು ತಾನಾಗಿಯೇ ಬಿದ್ದಿತ್ತು. ಬಿಚ್ಚಿದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ, ಸಿಗಲಿಲ್ಲ. ನಾನು ಅತ್ತದ್ದು ನೋಡಲಾರದೆ ಅಬ್ಬಾ ಮಳವಳ್ಳಿಗೆ ಕಳಿಸಿದ್ದು. ಗಫಾರರಿಗೂ ಇದು ಗೊತ್ತು. ಊಟ ಮಾಡಿ ಹೊರಡುವಾಗ ಪರದೆಯ ಹತ್ತಿರ ನಿಂತು, "ಕೆಲಸಕ್ ಕೂರುವಾಗ ತಲೆಗೊಂದ್ ಬಟ್ಟೆ ಕಟ್ಕಳಿ. ನಂದೂ ಒಂದ್ಸಲ ಬಿದ್ದಿತ್ತು, ಅದ್ಕೇ ಸಿಕ್ತು," ಅಂದರು. ಓದಿ ಹೇಳುವ ಮುಂಚೆ ಇಷ್ಟು ಭಾಗ ಹರಿದು ಒಲೆಗೆ ಹಾಕು.