ಒಳಗೆ ಹಿಡಿಯಿಲ್ಲದ ಬಾಗಿಲು

ಪುತ್ತೂರು, ಸಂಜೆ ಆರೂವರೆ

ಕಮಲಾವತಿಗೆ ಭಾವ ಜತ್ತಪ್ಪ ಬರೆಯುವುದು.

ಇಂದು ವರ್ಕ್‌ಶಾಪಿನಲ್ಲಿ ಎರಡು ಕಂಪ್ರೆಸರ್ ರಿಪೇರಿ ಮುಗಿಯಿತು. ಮಧ್ಯಾಹ್ನ ಗಿರಿಧರ ಧನಿಗಳು ಬಂದರು. ಸುಳ್ಯದ ಗೋದಾಮಿನಲ್ಲಿ ರಂಬುಟಾನ್ ಇಡಲು ಇನ್ನೊಂದು ದೊಡ್ಡ ಕೋಲ್ಡ್ ರೂಮ್ ಬೇಕಂತೆ. ಬಾಗಿಲು ಮಾತ್ರ ಹಳೆಯದರಂತೆ ಹೊರಗಿನಿಂದಷ್ಟೇ ತೆರೆಯಬೇಕಂತೆ.

“ಒಳಗೆ ಹಿಡಿ ಇಟ್ಟರೆ ಈ ಕೆಲಸದವರು ಚಳಿ ಅಂತ ಐದೈದು ನಿಮಿಷಕ್ಕೆ ಹೊರಗೆ ಬರುದು ಮಾರಾಯ್ರೆ, ತಂಪೆಲ್ಲ ಹೋಗುದು” ಎಂದರು.

“ನನ್ನ ತಮ್ಮ ಸುಜಯ್ ಆ ಹಳೆಯ ರೂಮಿನೊಳಗೇ ಸತ್ತದ್ದು, ಧನಿಗಳೇ.”

“ಬೊಬ್ಬೆ ಹಾಕ್ಲಿಕ್ಕೆ ಅವನಿಗೆ ಎಂತ ಆಗಿತ್ತು? ಈಗ ಅವನ ಜಾಗಕ್ಕೆ ಅವನ ಹೆಂಡತಿಯನ್ನೇ ಕೆಲಸಕ್ಕೆ ತಗೊಂಡಿದ್ದೇನಲ್ಲ” ಎಂದು ನಕ್ಕರು.

ಈ ಕೆಲಸ ನಾವು ಮಾಡುವುದಿಲ್ಲ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದು ಕೈಗೆ ಕೊಟ್ಟೆ.

ಸೋಮವಾರ ಕೆಲಸಕ್ಕೆ ಸೇರಿದಾಗ ನೀನು ಹಳೆಯ ಬಾಗಿಲನ್ನು ನೋಡುತ್ತೀ. ಒಳಗಿನ ಹಿಡಿ ಮುರಿದಿತ್ತು ಎಂದು ಸುಜಯ್ ಸತ್ತಾಗ ನಾನು ನಿನಗೆ ಹೇಳಿದ್ದು ಸುಳ್ಳು. ಹಿಡಿಯೇ ಇರಲಿಲ್ಲ. ಧನಿಗಳು ಹೇಳಿದ ಹಾಗೆ ಆ ಬಾಗಿಲು ಮಾಡಿ ಕೂರಿಸಿದ್ದು ನಾನು.

ಹೊರಗೆ ಒಬ್ಬರನ್ನು ನಿಲ್ಲಿಸದೆ ಒಳಗೆ ಹೋಗಬೇಡ. ಈ ಕಾಗದದ ಜೊತೆ ಸುಜಯ್‌ನ ಸ್ವೆಟರ್ ಕಳಿಸಿದ್ದೇನೆ, ಹಾಕಿಕೋ.

ಧನಿಗಳು ನಮ್ಮ ಅಂಗಳದಲ್ಲೇ ನಿಂತು ಬೇರೆ ಕಂಪನಿಗೆ ಫೋನು ಮಾಡಿದರು. ನಾಳೆ ಬೆಳಿಗ್ಗೆ ಆ ಕಂಪನಿಯವರು ಹೊಸ ಬಾಗಿಲಿನ ಅಳತೆಗೆ ಸುಳ್ಯಕ್ಕೆ ಹೋಗುತ್ತಾರೆ.

ಇತಿ ನಿನ್ನ ಭಾವ,
ಜತ್ತಪ್ಪ